ಗೋಡೆ ಬಿದ್ದರೂ ಮಾಳಿಗೆ ನಿಲ್ಲಬೇಕಾದರೆ

ಅಂಗಡಿಯವರು ಹೊಸ ವರ್ಷಕ್ಕೆ ಕೊಡುವ ಕ್ಯಾಲೆಂಡರಿನಲ್ಲಿ ನೀವು ಒಂದು ಚಿತ್ರವನ್ನು ನೋಡಿರಬಹುದು. ಸುತ್ತಲೂ ಹಿಮ, ನಡುವೆ ದುಂಡನೆಯ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಪುಟ್ಟ ಮನೆ. ಗೋಡೆಯೆಲ್ಲ ಮರವೇ. ಮೂಲೆಯಲ್ಲಿ ಒಂದು ದಿಮ್ಮಿಯ ಕಚ್ಚು ಇನ್ನೊಂದರ ಕಚ್ಚಿನೊಳಗೆ ಕುಳಿತಿರುತ್ತದೆ. ಚಳಿದೇಶದಲ್ಲಿ ಕಾಡು ಹೇರಳ, ಗೆದ್ದಲಿನ ಕಾಟ ಕಡಿಮೆ. ಅಲ್ಲಿಗೆ ಅದು ಸರಿ. ಅಂಥ ಮನೆಯನ್ನು ನಮ್ಮ ಐನಾಪುರದಲ್ಲಿ ಕಟ್ಟಿದರೆ ಯಜಮಾನನಿಗಿಂತ ಮೊದಲು ಗೆದ್ದಲೇ ಗೃಹಪ್ರವೇಶ ಮಾಡೀತು!

ಆದರೆ ನೀವು ಕುಳಿತಿರುವ ಪಡಸಾಲೆಯ ಮೇಲೆ ಒಮ್ಮೆ ಕಣ್ಣೆತ್ತಿ ನೋಡಿರಿ. ಹಳೆಯ ಮಾಳಿಗೆ ಮನೆಯಾಗಿದ್ದರೆ ನೀವೂ ದಿಮ್ಮಿಗಳ ಆಸರೆಯಲ್ಲಿಯೇ ಇದ್ದೀರಿ. ಬುಡಗಲ್ಲಿನ ಮೇಲೆ ಕಂಬ, ಕಂಬದ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ. ಅದರ ಮೇಲೆ ಹಲಗೆ, ಇಲ್ಲವೆ ನಮ್ಮ ಸೀಮೆಯ ವರವಾದ ಶಹಾಬಾದಿ ಫರಸಿ. ಎಲ್ಲಕ್ಕೂ ಮೇಲೆ ಮಣ್ಣಿನ ಮೇಲ್ಮುದ್ದಿ. ಸುತ್ತಲಿನ ದಪ್ಪ ಕಲ್ಲುಗೋಡೆಯೇ ಮನೆಯನ್ನು ಹೊತ್ತಿದೆಯೆಂದು ನಾವು ತಿಳಿಯುತ್ತೇವೆ. ಸರಿಯಾಗಿ ಕಟ್ಟಿದ ಅಂಕಣದ ಮನೆಯಲ್ಲಿ ಹೊರುವವು ಕಂಬಗಳು. ಗೋಡೆ ಬರೀ ಮರೆ.

ಈ ಮಾತಿನ ಬೆಲೆ 1993ರ ಸೆಪ್ಟೆಂಬರ್ 30ರಂದು ತಿಳಿಯಿತು. ಅಂದು ಬೆಳಗಿನ ಜಾವ ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷಗಳಿದ್ದಾಗ ನೆರೆಯ ಲಾತೂರ ಜಿಲ್ಲೆಯ ಕಿಲ್ಲಾರಿ ಭಾಗದಲ್ಲಿ ಭೂಮಿ ನಡುಗಿತು. ಏಳು ಸಾವಿರಕ್ಕಿಂತ ಹೆಚ್ಚು ಜನ ಸತ್ತರು. ಅವರೆಲ್ಲ ನಮ್ಮಂಥದೇ ಮನೆಗಳಲ್ಲಿ ಮಲಗಿದ್ದವರು. ಎರಡು ಮೂರು ಅಡಿ ದಪ್ಪದ ಗೋಡೆ, ಮಣ್ಣಿನ ಗಾರೆ, ತಲೆಯ ಮೇಲೆ ಅಡಿಗಟ್ಟಲೆ ಮಣ್ಣು. ಅಲ್ಲಿನ ಗೋಡೆಗಳು ಹೊರಗೊಂದು ಒಳಗೊಂದು ಪದರವಾಗಿ ಕಟ್ಟಿ ನಡುವೆ ಚೂರುಗಲ್ಲು ತುಂಬಿದವು. ನಡುಕ ಬಂದಾಗ ಎರಡು ಪದರಗಳೂ ಬೇರೆಯಾಗಿ, ಉಬ್ಬಿ ಕುಸಿದವು. ಮಾಳಿಗೆಯ ಭಾರ ಗೋಡೆಯ ಮೇಲಿದ್ದ ಮನೆಗಳಲ್ಲಿ ಅದೂ ಕೆಳಗೆ ಬಂತು. ತೊಲೆಗಳು ಕಂಬದ ಮೇಲೆ ಕುಳಿತಿದ್ದ ಮನೆಗಳು ಇದಕ್ಕಿಂತ ಮೇಲೆನಿಸಿದವು. ನಂತರ ಪರಿಶೀಲಿಸಲು ಹೋದ ಇಂಜಿನಿಯರುಗಳು ಗೋಡೆಯೆಲ್ಲ ಬಿದ್ದು ಕಂಬ, ತೊಲೆ, ಮಾಳಿಗೆ ಮಾತ್ರ ಹಾಗೆಯೇ ನಿಂತಿದ್ದ ಮನೆಗಳನ್ನು ಕಂಡರು.

ಹಿಮಾಚಲದ ಗುಡ್ಡಗಾಡಿನ ಜನಕ್ಕೆ ಇದು ಹಿಂದಿನಿಂದಲೂ ಗೊತ್ತು. ಅವರು ದೇವದಾರು ದಿಮ್ಮಿಯ ಒಂದು ವರಸೆ, ಕಲ್ಲಿನ ಒಂದು ವರಸೆ ಹೀಗೆ ಗೋಡೆ ಏರಿಸುತ್ತಾರೆ. ಇದಕ್ಕೆ ಕಾಠ್-ಕುಣಿ ಎನ್ನುತ್ತಾರೆ. ಕಲ್ಲು ಭಾರ ಹೊರುತ್ತದೆ, ಮರ ಕಲ್ಲನ್ನು ಬಿಗಿಹಿಡಿಯುತ್ತದೆ. ನಮ್ಮಲ್ಲಿ ಅಷ್ಟು ಮರವಿಲ್ಲ, ಆ ಮಾತು ಬಿಡಿ.

ಕಿಲ್ಲಾರಿ ದೂರದ ಸುದ್ದಿಯೆನ್ನಬೇಡಿ. 2021ರ ಅಕ್ಟೋಬರದಲ್ಲಿ ನಮ್ಮ ಗಡಿಕೇಶ್ವಾರದ ಸುತ್ತ ಮತ್ತೆ ಮತ್ತೆ ಭೂಮಿ ಕಂಪಿಸಿದ್ದು ನಿಮಗೆ ಗೊತ್ತೇ ಇದೆ. ದೊಡ್ಡದರ ಅಳತೆ 4ರ ಆಸುಪಾಸು. ಜನ ರಾತ್ರಿಯೆಲ್ಲ ಮನೆಯ ಹೊರಗೆ ಕಳೆದರು. ಎಷ್ಟೋ ಮಂದಿ ಬೀಗರ ಊರಿಗೆ ಹೋದರು. ಅದಕ್ಕೂ ಒಂದು ವರ್ಷ ಹಿಂದೆ, 2020ರ ಅಕ್ಟೋಬರದ ದೊಡ್ಡ ಮಳೆಯಲ್ಲಿ ಜಿಲ್ಲೆಯ ತುಂಬ ಮಣ್ಣಿನ ಮನೆಗಳು ಕುಸಿದವು. ನಡುಕವಿರಲಿ ಮಳೆಯಿರಲಿ, ಕೊಲ್ಲುವುದು ತಲೆಯ ಮೇಲಿನ ಭಾರ.

ಆ ಭಾರ ಎಷ್ಟೆಂದು ಲೆಕ್ಕ ಹಾಕಿ ನೋಡೋಣ. ಗಟ್ಟಿಯಾಗಿ ಕೂತ ಮಣ್ಣು ಒಂದು ಘನ ಅಡಿಗೆ ಸುಮಾರು 45 ಕಿಲೋ ತೂಗುತ್ತದೆ. ಹತ್ತಡಿ ಉದ್ದ ಹತ್ತಡಿ ಅಗಲದ ಒಂದು ಅಂಕಣದ ಮೇಲೆ ಒಂದಡಿ ಮಣ್ಣಿದ್ದರೆ 4500 ಕಿಲೋ ಆಯಿತು. ಅಂದರೆ ನೀವು ಮಲಗುವ ಜಾಗದ ಮೇಲೆ ಕ್ವಿಂಟಲ್ ತೂಕದ 45 ಚೀಲ ತೊಗರಿ ಒಟ್ಟಿದಂತೆ! ಮಳೆಗೆ ನೆನೆದರೆ ಇನ್ನೂ ಹೆಚ್ಚು. ನಾವು ಮಾಡುವುದೇನು? ಮಾಳಿಗೆ ಸೋರಿದ ವರ್ಷ ಮೇಲೊಂದು ಪದರ ಮಣ್ಣು, ಮತ್ತೆ ಸೋರಿದರೆ ಮತ್ತೊಂದು ಪದರ. ಅಜ್ಜ ಅರ್ಧ ಅಡಿ ಹಾಕಿದ್ದರೆ ಮೊಮ್ಮಗನ ಕಾಲಕ್ಕೆ ಅದು ಎರಡಡಿ. ತೊಲೆ ಮಾತ್ರ ಅಜ್ಜನ ಕಾಲದ್ದೇ.

ಆದುದರಿಂದ ಮೊದಲ ಕೆಲಸ ಮಣ್ಣು ಇಳಿಸುವುದು. ಎಂಟು ಅಂಗುಲ ಮಣ್ಣು ಸಾಕು. ನಾಲ್ಕು ಅಂಗುಲ ಹಾಕಿ ಚೆನ್ನಾಗಿ ಬಡಿದು, ಅದರ ಮೇಲೆ ದಪ್ಪನೆಯ ಪ್ಲಾಸ್ಟಿಕ್ ಹಾಳೆ ಹಾಸಿ, ಮತ್ತೆ ನಾಲ್ಕು ಅಂಗುಲ ಮಣ್ಣು ಮುಚ್ಚಿರಿ. ಸೋರಿಕೆ ತಡೆಯುವುದು ಹಾಳೆಯೇ ಹೊರತು ಮಣ್ಣಿನ ದಪ್ಪವಲ್ಲ. ನೀರು ದೋಣಿಯ ಕಡೆಗೆ ಓಡುವಂತೆ ಇಳಿಜಾರು ಕೊಡಲು ಮರೆಯಬೇಡಿ. ಈ ಕೆಲಸ ಬೇಸಿಗೆಯಲ್ಲಿಯೇ ಆಗಬೇಕು. ಅಗೆಯುವ ಮುಂಚೆ ತೊಲೆಗಳ ಕೆಳಗೆ ಗಟ್ಟಿ ಆನಿಕೆ ಕೊಡಿರಿ. ಅಗೆದ ಮಣ್ಣನ್ನು ಮಾಳಿಗೆಯ ಒಂದೇ ಮಗ್ಗುಲಿಗೆ ಗುಡ್ಡೆ ಹಾಕಬೇಡಿ. ಆಗಾಗಲೇ ಕೆಳಗೆ ಇಳಿಸಿರಿ. ಆ ದಿನ ಮಕ್ಕಳು ಮರಿ ಒಳಗಿರಕೂಡದು.

ಎರಡನೆಯದು ಕಂಬದ ಬುಡ. ಎತ್ತು ಎಮ್ಮೆ ಕಟ್ಟುವ ಅಂಕಣದಿಂದ ಶುರುಮಾಡಿ, ಏಕೆಂದರೆ ಗಂಜಳದ ತೇವಕ್ಕೆ ಅಲ್ಲಿನ ಕಂಬಗಳೇ ಮೊದಲು ಹಾಳಾಗುವುದು. ನೆಲದಿಂದ ಒಂದು ಮೊಳದವರೆಗೆ ಸುತ್ತಿಗೆಯಿಂದ ತಟ್ಟುತ್ತ ಬನ್ನಿ. ಗಟ್ಟಿ ಮರ ಖಣಖಣವೆನ್ನುತ್ತದೆ, ಟೊಳ್ಳು ಬಿದ್ದ ಮರ ದಬದಬವೆನ್ನುತ್ತದೆ. ಅನುಮಾನ ಬಂದಲ್ಲಿ ಚೂಪಾದ ಕಬ್ಬಿಣದ ಸರಳಿನಿಂದ ತಿವಿಯಿರಿ. ಅರ್ಧ ಅಂಗುಲ ಸಲೀಸಾಗಿ ಹೋದರೆ ಬಡಿಗರನ್ನು ಕರೆಸಲೇಬೇಕು. ಕೊಳೆತ ಬುಡವನ್ನು ಕತ್ತರಿಸಿ ಬುಡಗಲ್ಲನ್ನು ಎತ್ತರಿಸಿದರೆ ಕಂಬ ಉಳಿಯುತ್ತದೆ. ತೊಲೆಯ ತುದಿ ಗೋಡೆಯೊಳಗೆ ಹೊಕ್ಕಿರುವ ಜಾಗವನ್ನೂ ನೋಡಿರಿ. ಗೆದ್ದಲು ಮಣ್ಣಿನ ಗೆರೆ ಎಳೆದುಕೊಂಡು ಕಳ್ಳನಂತೆ ಹತ್ತುವುದು ಅಲ್ಲಿಂದಲೇ.

ಮೂರನೆಯದು ಕಂಬ ತೊಲೆ ಕೂಡುವ ಕೀಲು. ಹಳೆಯ ಮನೆಗಳಲ್ಲಿ ಬೋದಿಗೆಯ ಮೇಲೆ ತೊಲೆ ಸುಮ್ಮನೆ ಕುಳಿತಿರುತ್ತದೆ, ಭಾರವೇ ಅದನ್ನು ಹಿಡಿದಿರುತ್ತದೆ. ನೇರವಾಗಿ ಒತ್ತುವ ಭಾರಕ್ಕೆ ಅದು ಸಾಕು. ಅಡ್ಡಡ್ಡ ಅಲುಗಿದರೆ ಸಾಲದು. ಕಂಬದಿಂದ ತೊಲೆಗೆ ಎರಡೂ ಕಡೆ ಓರೆಯಾಗಿ ಗಟ್ಟಿ ಕಟ್ಟಿಗೆ ಕೊಟ್ಟು ಬೋಲ್ಟು ಹಾಕಿಸಿರಿ. ಕೀಲಿನ ಮೇಲೆ ಕಬ್ಬಿಣದ ಪಟ್ಟಿ ಬಿಗಿಸಿರಿ. ಕಿಲ್ಲಾರಿಯ ನಂತರ ಹಳೆಯ ಮನೆಗಳನ್ನು ಬಲಪಡಿಸಲು ಕೊಟ್ಟ ಸಲಹೆಗಳಲ್ಲಿ ಇದೂ ಒಂದು. ಊರ ಬಡಿಗ, ಊರ ಕಮ್ಮಾರ ಇಬ್ಬರೇ ಸೇರಿ ಮುಗಿಸುವ ಕೆಲಸವಿದು.

ಗೋಡೆಯ ಬಗ್ಗೆ ಒಂದೇ ಮಾತು. ಹೊಸದಾಗಿ ಕಲ್ಲುಗೋಡೆ ಏರಿಸುವಾಗ ಈಚೆಯಿಂದ ಆಚೆಗೆ ಹಾಯುವ ಉದ್ದನೆಯ ಅಡ್ಡಗಲ್ಲುಗಳನ್ನು ಕೂರಿಸುವಂತೆ ಗೌಂಡಿಗೆ ಹೇಳಿರಿ. ಎತ್ತರದಲ್ಲಿ ಎರಡಡಿಗೊಂದು, ಉದ್ದದಲ್ಲಿ ನಾಲ್ಕಡಿಗೊಂದು. ಭಾರತೀಯ ಮಾನಕ ಸಂಸ್ಥೆ 1993ರಲ್ಲಿ ಪ್ರಕಟಿಸಿದ ಸೂಚನೆಯೂ ಇದೇ. ಗಂಟೆಗೆ ನಾಲ್ಕು ಕಲ್ಲು ಹೆಚ್ಚು ಕೂರಿಸುವ ಅವಸರದಲ್ಲಿ ಗೌಂಡಿ ಇದನ್ನು ತಪ್ಪಿಸುವುದುಂಟು. ಎದುರಿಗೆ ನಿಂತು ನೋಡಿರಿ.

ಹಾಳಾದ ತೊಲೆಗೆ ಬದಲು ಹೊಸ ಮರ ಬೇಕೆಂದರೆ ಬದುವಿನ ಬೇವು ಅಥವಾ ಜಾಲಿ ನಮ್ಮ ಕೈಗೆಟಕುವಂಥದು. ಚಿಂಚೋಳಿ ಕಾಡಿನ ಕಡೆ ಕಣ್ಣು ಹಾಯಿಸಬೇಡಿ, 2011ರಿಂದ ಅದು ವನ್ಯಜೀವಿ ಧಾಮ. ಸ್ವಂತ ಹೊಲದ ಮರವಾದರೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕೋ ಬೇಡವೋ ಎಂದು ಅರಣ್ಯ ಕಚೇರಿಯಲ್ಲಿ ಕೇಳಿಕೊಂಡೇ ಕೊಡಲಿ ಹಾಕಿರಿ.

ಕಡಿಯುವುದಕ್ಕೆ ಚಳಿಗಾಲ ಮೇಲು. ಮರ ಬೇಗ ಬೇಗ ಒಣಗಿ ಸೀಳುವುದಿಲ್ಲ. ಕಡಿದ ಕೂಡಲೇ ತೊಗಟೆ ತೆಗೆಯಿರಿ, ಕೊರೆಯುವ ಹುಳು ಮೊಟ್ಟೆಯಿಡುವುದು ಅದರ ಅಡಿಯಲ್ಲಿ. ಜಾಲಿಯ ದಿಮ್ಮಿಯನ್ನು ಕೆಲವು ತಿಂಗಳು ಹೊಂಡದ ನೀರಿನಲ್ಲಿ ಮುಳುಗಿಸಿಡುವ ಹಿರಿಯರ ಪದ್ಧತಿಯಲ್ಲಿ ಅರ್ಥವಿದೆ. ಹುಳು ತಿನ್ನುವ ಹಿಟ್ಟಿನಂಶ ನೀರಿಗೆ ಬಿಟ್ಟುಕೊಳ್ಳುತ್ತದೆ. ಬಳಿಕ ನೆರಳಿನಲ್ಲಿ, ನೆಲಕ್ಕೆ ತಾಗದಂತೆ ಕಲ್ಲುಗಳ ಮೇಲಿಟ್ಟು ಒಣಗಿಸಿರಿ. ಎರಡೂ ತುದಿಗೆ ಡಾಂಬರು ಬಳಿದರೆ ಬಿರುಕು ಕಡಿಮೆ. ತೊಲೆಯಷ್ಟು ದಪ್ಪದ ಮರ ಒಂದೇ ಬೇಸಿಗೆಗೆ ಒಣಗಿತೆಂದು ನಂಬಬೇಡಿ. ಎರಡು ಬೇಸಿಗೆ ಕಾಯುವುದು ಲೇಸು. ಹೊರಸುತ್ತಿನ ಬಿಳಿಯ ಭಾಗವನ್ನು ಹುಳು ಬೇಗ ತಿನ್ನುತ್ತದೆ. ಬಾಳುವುದು ಒಳಗಿನ ಚೇಗು. ಆದ್ದರಿಂದ ಎಳೆಯ ದಪ್ಪ ಮರಕ್ಕಿಂತ ಬಲಿತ ಮರವನ್ನೇ ಆರಿಸಿರಿ.

ಈಚೆಗೆ ಹಳೆಯ ಮನೆ ಕೆಡವಿ ಸ್ಲ್ಯಾಬು ಹಾಕುವವರು ಹೆಚ್ಚು. ಬಿಚ್ಚಿದ ಸಾಗವಾನಿ ತೊಲೆಗಳನ್ನು ಸೌದೆಯ ಲೆಕ್ಕದಲ್ಲಿ ಮಾರಿಬಿಡುತ್ತಾರೆ. ಕೊಳ್ಳುವವರು ಅದನ್ನು ಸೀಳಿಸಿ ಬಾಗಿಲು ಚೌಕಟ್ಟು ಮಾಡಿ ಮಾರುವುದನ್ನು ನೀವೂ ಕಂಡಿರುತ್ತೀರಿ. ಮಾರುವುದೇ ಆದರೆ ಮೊದಲು ಬಡಿಗನಿಗೆ ತೋರಿಸಿ ಬೆಲೆ ಕೇಳಿರಿ. ಊರಲ್ಲಿ ಯಾರದಾದರೂ ಕಂಬ ಟೊಳ್ಳಾಗಿದ್ದರೆ ಅವರಿಗೂ ಒಂದು ಮಾತು ಹೇಳಿ ಕಳಿಸಿರಿ. ಅಷ್ಟು ಒಣಗಿದ ಮರ ಅವರಿಗೆ ಪೇಟೆಯಲ್ಲಿ ಸಿಕ್ಕುವುದಿಲ್ಲ.