ಕಾದ ಉಕ್ಕಿನ ಬಣ್ಣ

ಕಾಯಿಸಿದ ಉಕ್ಕಿನ ಕಾವನ್ನು ಅದರ ಬಣ್ಣದಿಂದ ತಿಳಿಯುವ ವಿದ್ಯೆ ಬಹು ಹಳೆಯದು. ಗುಳವನ್ನು ತಟ್ಟಿ ಹರಿತಮಾಡುವ ಹಳ್ಳಿಯ ಕಮ್ಮಾರನಿಗೂ, ನಗರದ ಕಾರ್ಖಾನೆಯಲ್ಲಿ ಉಳಿಗೆ ಹದ ಕೊಡುವ ಫಿಟ್ಟರನಿಗೂ ಇದು ಬೇಕು. ಆದರೆ ಇಲ್ಲಿರುವುದು ಒಂದಲ್ಲ, ಎರಡು ಬಗೆಯ ಬಣ್ಣಗಳು. ಇವುಗಳ ಭೇದ ತಿಳಿಯದಿದ್ದರೆ ಹತ್ಯಾರು ಕೆಡುತ್ತದೆ. ಕೈಗೂ ಕಣ್ಣಿಗೂ ಅಪಾಯ ತಪ್ಪಿದ್ದಲ್ಲ.

ಮೊದಲನೆಯದು, ಉಕ್ಕು ತಾನೇ ಬೆಳಗುವಾಗಿನ ಬಣ್ಣ. ಘನವಸ್ತು ಯಾವುದೇ ಆಗಲಿ, ಸುಮಾರು ೫೨೫ ಡಿಗ್ರಿ ಸೆಂಟಿಗ್ರೇಡಿಗೆ ಕಾದಾಗ ಕತ್ತಲೆಯಲ್ಲಿ ಮಂದವಾಗಿ ಕೆಂಪಗೆ ಕಾಣತೊಡಗುತ್ತದೆಂದು ಡ್ರೇಪರ್ ಎಂಬ ವಿಜ್ಞಾನಿ ೧೮೪೭ರಲ್ಲಿ ತೋರಿಸಿಕೊಟ್ಟನು. ಕಾವು ಏರಿದಂತೆ ಕೆಂಪಿನ ಜೊತೆಗೆ ಹಳದಿ, ಹಸಿರು, ನೀಲಿ ಕಿರಣಗಳೂ ಸೇರುತ್ತ ಹೋಗುತ್ತವೆ. ಎಲ್ಲವೂ ಬೆರೆತಾಗ ಕಣ್ಣಿಗೆ ಬಿಳುಪು. ಸುಮಾರಾಗಿ ಹೇಳುವುದಾದರೆ, ೬೫೦ ಡಿಗ್ರಿಯಲ್ಲಿ ಕಪ್ಪುಗೆಂಪು, ೭೫೦ರಿಂದ ೮೦೦ರವರೆಗೆ ಕಾರ್ಖಾನೆಯವರು ‘ಚೆರಿ ರೆಡ್’ ಎನ್ನುವ ಕೆಂಪು, ೯೫೦ರಲ್ಲಿ ಕಿತ್ತಳೆ, ೧೧೦೦ರಲ್ಲಿ ಹಳದಿ, ೧೩೦೦ರಲ್ಲಿ ಬಿಳಿ.

ಉಳಿಯ ಉಕ್ಕನ್ನು ಬಡಿದು ರೂಪ ಕೊಡುವುದಕ್ಕೆ ಕಿತ್ತಳೆಯ ಕಾವು ಸಾಕು. ಬಿಳಿಯವರೆಗೆ ಬಿಟ್ಟರೆ ಕಿಡಿ ಹಾರಿ ಉಕ್ಕು ಸುಟ್ಟುಹೋಗುತ್ತದೆ. ಗಡಸು ಬರಿಸಲು ಚೆರಿ ಕೆಂಪಿನಲ್ಲಿ ನೀರಿಗೆ ಅದ್ದಬೇಕು. ಕಾವು ಸಾಲದಿದ್ದರೆ ಗಡಸು ಬಾರದು. ಮಿತಿಮೀರಿದರೆ ಒಳಗಿನ ಹರಳುಗಳು ದಪ್ಪವಾಗಿ ಉಕ್ಕು ಬಿರಿಯುತ್ತದೆ.

ಇಲ್ಲಿ ಕಣ್ಣು ಮೋಸಹೋಗುವುದು ಸುಲಭ. ಬಿಸಿಲಿನಲ್ಲಿ ಕೆಂಪು ಮಂಕಾಗಿ ಕಾಣುವುದರಿಂದ, ಇನ್ನೂ ಕಾದಿಲ್ಲವೆಂದು ಬಗೆದು ಮತ್ತಷ್ಟು ಕಾಯಿಸುತ್ತೇವೆ. ಕತ್ತಲ ಮೂಲೆಯಲ್ಲಿ ಅದೇ ಕೆಂಪು ಉಜ್ವಲವಾಗಿ ತೋರುತ್ತದೆ. ಆದುದರಿಂದ ನೆರಳಿನಲ್ಲಿ, ಯಾವಾಗಲೂ ಒಂದೇ ಬೆಳಕಿನಲ್ಲಿ ನೋಡುವುದು ಲೇಸು. ಸಂದೇಹವಿದ್ದಲ್ಲಿ ಅಯಸ್ಕಾಂತ ನೆರವಾಗುತ್ತದೆ. ೭೭೦ ಡಿಗ್ರಿ ಮೀರಿದ ಕಬ್ಬಿಣ ಅಯಸ್ಕಾಂತಕ್ಕೆ ಅಂಟದು. ಉಳಿಯ ಉಕ್ಕು ಅದಕ್ಕೆ ತುಸು ಮೊದಲೇ ಬಿಡುತ್ತದೆ. ಬಿಟ್ಟ ಮೇಲೆ ಸ್ವಲ್ಪವೇ ಕಾಯಿಸಿ ಅದ್ದಿದರಾಯಿತು.

ಅದ್ದಿದ ಉಕ್ಕು ಗಾಜಿನಂತೆ ಗಡಸು, ಗಾಜಿನಂತೆಯೇ ಒಡೆಯುವಂಥದು. ಸುತ್ತಿಗೆಯ ಪೆಟ್ಟಿಗೆ ಚೂರು ಹಾರಿ ಕಣ್ಣಿಗೆ ಬಡಿದೀತು. ಆದುದರಿಂದ ಅದನ್ನು ಎಮರಿ ಕಾಗದದಿಂದ ಹೊಳೆಯುವಂತೆ ಉಜ್ಜಿ, ಮತ್ತೆ ಮೆಲ್ಲಗೆ ಕಾಯಿಸಿ ಹದ ಕೊಡಬೇಕು. ಆಗ ಕಾಣುವುದೇ ಎರಡನೆಯ ಬಗೆಯ ಬಣ್ಣ: ೨೩೦ ಡಿಗ್ರಿಯ ಸುಮಾರಿಗೆ ಒಣಹುಲ್ಲಿನ ಹಳದಿ, ೨೫೫ರಲ್ಲಿ ಕಂದು, ೨೮೦ರಲ್ಲಿ ನೇರಳೆ, ೩೦೦ರಲ್ಲಿ ನೀಲಿ. ಇದು ಉಕ್ಕಿನ ಬೆಳಕಲ್ಲ. ಗಾಳಿಯ ಆಮ್ಲಜನಕ ತಗಲಿ ಮೇಲ್ಮೈಯಲ್ಲಿ ಹುಟ್ಟಿದ ಅತಿ ತೆಳುವಾದ ಪೊರೆಯ ಬಣ್ಣ. ಒದ್ದೆ ರಸ್ತೆಯ ಮೇಲೆ ಚೆಲ್ಲಿದ ಎಣ್ಣೆಯಲ್ಲಿ ಕಾಣುವ ಬಣ್ಣಗಳಂತೆ. ಪೊರೆ ದಪ್ಪವಾದಂತೆ ಬಣ್ಣ ಬದಲಾಗುತ್ತದೆ. ಲೇತಿನ ಹತ್ಯಾರಿಗೆ ಹುಲ್ಲಿನ ಹಳದಿ, ಕಬ್ಬಿಣ ಕಡಿಯುವ ಉಳಿಗೆ ನೇರಳೆ, ಸ್ಪ್ರಿಂಗಿಗೆ ನೀಲಿ ಬಂದಾಗ ಕಾವು ನಿಲ್ಲಿಸುವುದು ವಾಡಿಕೆ. ಕಡಿಮೆ ಕಾವಿನಲ್ಲಿಯೇ ಬಹಳ ಹೊತ್ತು ಇಟ್ಟರೂ ಮುಂದಿನ ಬಣ್ಣ ಬರುವುದುಂಟು. ಈ ಲೆಕ್ಕವೆಲ್ಲ ಸಾಮಾನ್ಯ ಇಂಗಾಲದ ಉಕ್ಕಿಗೆ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕಿಗೆ ಸಲ್ಲದು.

ಸಾಣೆಯ ಚಕ್ರಕ್ಕೆ ಹಿಡಿದಾಗ ಉಳಿಯ ತುದಿ ನೀಲಿಯಾದರೆ ಅದರ ಹದ ಹೋಯಿತೆಂದೇ ತಿಳಿಯಬೇಕು. ಆಗಾಗ ನೀರಿಗೆ ಅದ್ದುತ್ತ ಮಸೆಯಬೇಕು. ಮನೆಯ ಚೂರಿ, ಈಳಿಗೆಗಳಿಗೂ ಇದೇ ಮಾತು.

ಈಗ ದೊಡ್ಡ ಕಾರ್ಖಾನೆಗಳಲ್ಲಿ ಕಾವನ್ನು ಅಳೆಯುವ ಪೈರೋಮೀಟರುಗಳಿವೆ. ಅವುಗಳಲ್ಲೊಂದು ಬಗೆಯಲ್ಲಿ, ದೀಪದ ತಂತಿಯೊಂದರ ಬೆಳಕು ಹಿಂದಿನ ಉಕ್ಕಿನ ಬೆಳಕಿಗೆ ಸರಿಸಮವಾಗಿ ತಂತಿ ಕಾಣದಾಗುವವರೆಗೆ ವಿದ್ಯುತ್ತನ್ನು ಹೊಂದಿಸುತ್ತಾರೆ. ಅದೂ ಕಮ್ಮಾರನ ಕಣ್ಣಿನ ಕೆಲಸವೇ. ಅಳತೆಗೆ ಸಿಕ್ಕಿದೆ, ಅಷ್ಟೆ.

ಕೊನೆಯದಾಗಿ ಒಂದು ಎಚ್ಚರಿಕೆ. ಕೆಂಪು ಆರಿದ ಮಾತ್ರಕ್ಕೆ ಉಕ್ಕು ತಣಿದಂತಲ್ಲ. ಕಪ್ಪಗೆ ಬಿದ್ದಿರುವ ತುಂಡು ೪೦೦ ಡಿಗ್ರಿ ಇದ್ದೀತು. ಕುಲುಮೆಯ ಬಳಿ ಬಿದ್ದ ತುಂಡನ್ನು ಇಕ್ಕಳದಿಂದಲ್ಲದೆ ಮುಟ್ಟಬಾರದು.