ಎರಡು ‘ಆಯ್ತು’ಗಳ ನಡುವೆ

ಕನ್ನಡದ ‘ಆಯ್ತು’ ಬಲು ಮೋಸದ ಮಾತು. ಕೆಲಸ ಹೇಳಿಸಿಕೊಂಡಾಗಲೂ ‘ಆಯ್ತು’ ಎನ್ನುತ್ತೇವೆ, ಮುಗಿಸಿ ಬಂದ ಮೇಲೂ ‘ಆಯ್ತು’ ಎನ್ನುತ್ತೇವೆ. ಕಳೆದ ಬೇಸಿಗೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಸಂಪು ತೊಳೆಸುವ ಮಾತು ಬಂತು. ಹದಿಮೂರು ಮಂದಿ ಹೆಬ್ಬೆರಳು ಎತ್ತಿದರು, ಮೂವರು ‘ಆಯ್ತು’ ಎಂದು ಬರೆದರು. ಎರಡು ವಾರ ಬಿಟ್ಟು ಮುಚ್ಚಳ ತೆಗೆದರೆ ಪಾಚಿ ಹಾಗೇ ಇತ್ತು. ಒಬ್ಬೊಬ್ಬರೂ ಮತ್ತೊಬ್ಬರ ‘ಆಯ್ತು’ವನ್ನು ಎರಡನೆಯ ಅರ್ಥದಲ್ಲಿ ಓದಿಕೊಂಡು ನಿಶ್ಚಿಂತರಾಗಿದ್ದರು.

ತೆಲುಗರಿಗೆ ಈ ತಾಪತ್ರಯ ಕಡಿಮೆ. ಒಪ್ಪಿಕೊಂಡರೆ ‘ಸರೇ’, ಮುಗಿದರೆ ‘ಅಯಿಪೋಯಿಂದಿ’. ಎರಡಕ್ಕೂ ಬೇರೆ ಬೇರೆ ಮಾತು. ಹಾಗಿದ್ದೂ, ಈ ಎರಡು ಮಾತುಗಳ ನಡುವೆ ಏನೇನು ಕಳೆದುಹೋಗಬಹುದು ಎಂಬುದನ್ನು 2014ರಿಂದ ಈಚೆಗೆ ವಿಶಾಖಪಟ್ಟಣ, ವಿಜಯವಾಡಗಳಷ್ಟು ಕಷ್ಟಪಟ್ಟು ಕಲಿತ ಊರುಗಳು ನಮ್ಮ ಸುತ್ತಮುತ್ತ ಬೇರೆ ಇಲ್ಲ.

ಕೆಲಸ ಹಂಚಿಕೊಳ್ಳುವ ಸಾಫ್ಟ್‌ವೇರುಗಳೆಲ್ಲ ಹುಟ್ಟಿದ್ದು ಈ ನಡುವಿನ ಜಾಗಕ್ಕಾಗಿಯೇ. 2011ರಲ್ಲಿ ಬಂದ ಟ್ರೆಲ್ಲೊ ತೆರೆದರೆ ಕಾಣುವುದು ಮೂರು ಕಂಬಸಾಲು: ಮಾಡಬೇಕಾದ್ದು, ಮಾಡುತ್ತಿರುವುದು, ಮುಗಿದದ್ದು. ಒಂದೊಂದು ಕೆಲಸಕ್ಕೂ ಒಂದೊಂದು ಚೀಟಿ, ಚೀಟಿಯ ಮೇಲೆ ಒಬ್ಬರ ಹೆಸರು, ಒಂದು ತಾರೀಖು. ಕೆಲಸ ಮುಂದೆ ಸರಿದಂತೆ ಚೀಟಿಯನ್ನೂ ಬೆರಳಿನಿಂದ ಸರಿಸಬೇಕು. ಅಸಾನ, ಜೀರಾ, ಚೆನ್ನೈನ ಜೋಹೊ ಪ್ರಾಜೆಕ್ಟ್ಸ್ ಎಲ್ಲದರ ತಿರುಳೂ ಹೆಚ್ಚು ಕಡಿಮೆ ಇದೇ. ಚೀಟಿಯ ಉಪಾಯವಾದರೂ ಕಂಪ್ಯೂಟರಿನದಲ್ಲ. ಜಪಾನಿನ ಟಯೋಟಾ ಕಾರ್ಖಾನೆಯಲ್ಲಿ ತಾಯಿಚಿ ಓನೊ ಬಿಡಿಭಾಗಗಳ ಜೊತೆ ಓಡಾಡಿಸಿದ ‘ಕಾನ್‌ಬಾನ್’ ಚೀಟಿಗಳೇ ಇದರ ಮೂಲ. ಜಪಾನಿ ಭಾಷೆಯಲ್ಲಿ ಆ ಮಾತಿಗೆ ಅಂಗಡಿಯ ನಾಮಫಲಕ ಎಂದರ್ಥ. ನಮ್ಮ ಹಳ್ಳಿಗಳ ಮುಯ್ಯಾಳಿನ ಲೆಕ್ಕಕ್ಕಂತೂ ಫಲಕವೂ ಬೇಕಿರಲಿಲ್ಲ. ಯಾರ ಗದ್ದೆಗೆ ಯಾರು ಎಷ್ಟು ದಿನ ದುಡಿದರು ಎನ್ನುವುದು ಇಡೀ ಕೇರಿಗೇ ಬಾಯಿಪಾಠ.

2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣಕ್ಕೆ ಹುದ್‌ಹುದ್ ಚಂಡಮಾರುತ ಅಪ್ಪಳಿಸಿತು. ಹೆಸರು ಕೊಟ್ಟದ್ದು ಒಮಾನ್, ಅದು ಚಂದ್ರಮುಕುಟ ಹಕ್ಕಿಯ ಹೆಸರು. ಗಂಟೆಗೆ ಸುಮಾರು 180 ಕಿಲೋಮೀಟರ್ ವೇಗದ ಗಾಳಿಗೆ ವಿಮಾನ ನಿಲ್ದಾಣದ ಚಾವಣಿ ಕಿತ್ತುಬಂತು, ಕೈಲಾಸಗಿರಿಯ ಮೇಲಿನ ಹವಾಮಾನ ರಾಡಾರ್ ಕೆಲಸ ನಿಲ್ಲಿಸಿತು, ವಿದ್ಯುತ್ ಕಂಬಗಳೂ ಮೊಬೈಲ್ ಗೋಪುರಗಳೂ ಸಾಲುಸಾಲಾಗಿ ಕೈಕೊಟ್ಟವು. ರಾಜ್ಯ ಒಡೆದು ಇನ್ನೂ ಐದು ತಿಂಗಳೂ ಆಗಿರಲಿಲ್ಲ. ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಮರುದಿನವೇ ಊರಿಗೆ ಬಂದು ಸುಮಾರು ಒಂದು ವಾರ ಅಲ್ಲೇ ಬೀಡುಬಿಟ್ಟರು. ಅವರ ಆಡಳಿತವನ್ನು ಇಷ್ಟಪಡದವರೂ ಆ ವಾರದ ಬಗ್ಗೆ ತುಸು ಮೆದುವಾಗಿಯೇ ಮಾತಾಡುತ್ತಾರೆ.

ಆಗ ಕೆಲಸ ಹಂಚಿದ್ದು ಹೇಗೆ? ನೆಟ್‌ವರ್ಕ್ ಇಲ್ಲದ ಊರಿನಲ್ಲಿ ಯಾವ ಆ್ಯಪೂ ತೆರೆಯುವುದಿಲ್ಲ. ಊರನ್ನು ಭಾಗ ಮಾಡಿ ಅಧಿಕಾರಿಗಳನ್ನು ಒಂದೊಂದು ಭಾಗಕ್ಕೆ ಅಟ್ಟಬೇಕು. ಇವರು ರಸ್ತೆಗೆ ಬಿದ್ದ ಮರ, ಇವರು ಕುಡಿಯುವ ನೀರು, ಇವರು ಹಾಲು, ಇವರು ಪೆಟ್ರೋಲ್ ಬಂಕ್. ಸಂಜೆ ಎಲ್ಲರೂ ಒಂದೆಡೆ ಸೇರಿ ಮುಖ ನೋಡಿಕೊಂಡು ಎಷ್ಟಾಯಿತು ಎಂದು ಹೇಳಬೇಕು. ಅದೂ ಮೂರು ಕಂಬಸಾಲಿನ ಫಲಕವೇ. ಚೀಟಿ ಇರಬೇಕಾದ ಜಾಗದಲ್ಲಿ ಮನುಷ್ಯರು ನಿಂತಿದ್ದರು, ಅಷ್ಟೇ. ಮುಂದೆ ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ ಆ ಊರಿನ ವಿದ್ಯುತ್ ತಂತಿಗಳನ್ನು ನೆಲದಡಿಗೆ ಇಳಿಸುವ ಕೆಲಸ ಕೈಗೆತ್ತಿಕೊಂಡರು. ಕೆಲಸ ಹಂಚುವ ಸಾಫ್ಟ್‌ವೇರಿಗೆ ಮೊದಲು ಬೇಕಾದದ್ದು ಅದು ಎನ್ನುವುದು ನನ್ನ ಅಂದಾಜು.

ಇಂಥ ಹೊತ್ತಿಗೆಂದೇ ಬರೆದ ಸಾಫ್ಟ್‌ವೇರೂ ಒಂದಿದೆ. 2004ರ ಸುನಾಮಿಯ ಬೆನ್ನಿಗೆ ಶ್ರೀಲಂಕಾದ ಸ್ವಯಂಸೇವಕರು ಹೆಣೆದ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ‘ಸಹನ’. ಕಾಣೆಯಾದವರ ಪಟ್ಟಿ, ಶಿಬಿರಗಳ ಪಟ್ಟಿ, ಯಾವ ಸಂಸ್ಥೆ ಯಾವ ಹಳ್ಳಿಯಲ್ಲಿ ಏನು ಮಾಡುತ್ತಿದೆ ಎಂಬ ಪಟ್ಟಿ ಅದರ ಹೂರಣ. ಸಿಂಹಳದಲ್ಲಿ ‘ಸಹನ’ ಎಂದರೆ ಪರಿಹಾರ. ಸರ್ಕಾರಿ ಪರಿಹಾರಕ್ಕೆ ಅಲೆದು ಬಲ್ಲವರಿಗೆ ಕನ್ನಡದ ಅರ್ಥವೂ ಒಗ್ಗುತ್ತದೆ.

ಆಂಧ್ರ ಸರ್ಕಾರ ಮಾತ್ರ ಫಲಕವನ್ನು ದೊಡ್ಡದು ಮಾಡುತ್ತಲೇ ಹೋಯಿತು. ವಿಜಯವಾಡದ ಬಳಿ ವೆಲಗಪೂಡಿಯ ಸಚಿವಾಲಯದಲ್ಲಿ 2017ರಲ್ಲಿ ‘ರಿಯಲ್ ಟೈಮ್ ಗವರ್ನೆನ್ಸ್’ ಕೇಂದ್ರ ತೆರೆಯಿತು. ಗೋಡೆ ತುಂಬ ಪರದೆ, ಪರದೆ ತುಂಬ ಅಂಕಿ. 2019ರಲ್ಲಿ ಸರ್ಕಾರ ಬದಲಾಯಿತು, ಹೊಸಬರು ಇನ್ನೊಂದು ತುದಿಯಿಂದ ಹೊರಟರು. ಸುಮಾರು 50 ಮನೆಗೊಬ್ಬ ಸ್ವಯಂಸೇವಕ, ಅವರ ಮೇಲೆ ಗ್ರಾಮ–ವಾರ್ಡ್ ಸಚಿವಾಲಯ. ಆ ವರ್ಷದ ಅಕ್ಟೋಬರ್ 2ರಂದು ಶುರುವಾದ ಸಚಿವಾಲಯಗಳ ಸಂಖ್ಯೆ 15 ಸಾವಿರ. ಒಂದು ಇಡೀ ರಾಜ್ಯವನ್ನು ಇಷ್ಟು ಸಣ್ಣ ಚೀಟಿಗಳಾಗಿ ಕತ್ತರಿಸಿದ್ದನ್ನು ನಾನಂತೂ ಬೇರೆಲ್ಲೂ ಕೇಳಿಲ್ಲ. 2024ರಲ್ಲಿ ಮತ್ತೆ ಸರ್ಕಾರ ಬದಲಾಯಿತು, ಸ್ವಯಂಸೇವಕರು ಮರೆಯಾದರು, ಸಚಿವಾಲಯಗಳು ಉಳಿದವು.

ಉಳಿದ ಆ ಸಚಿವಾಲಯಗಳು ಮೂರೇ ತಿಂಗಳಲ್ಲಿ ಕೊರಳುದ್ದದ ನೀರಿಗೆ ಬಿದ್ದವು. 2024ರ ಆಗಸ್ಟ್ ಕೊನೆಯ ಮಳೆಗೆ ಬುಡಮೇರು ಹಳ್ಳ ಮೂರು ಕಡೆ ಏರಿ ಒಡೆದುಕೊಂಡು ವಿಜಯವಾಡದ ಸಿಂಗ್ ನಗರ ಮತ್ತು ಸುತ್ತಲಿನ ಬಡಾವಣೆಗಳನ್ನು ನುಂಗಿತು. ಅದೇ ಹೊತ್ತಿಗೆ ಕೃಷ್ಣೆ ಪ್ರಕಾಶಂ ಬ್ಯಾರೇಜಿನಲ್ಲಿ 11 ಲಕ್ಷ ಕ್ಯೂಸೆಕ್ ದಾಟಿ ಹರಿಯುತ್ತಿದ್ದಳು. ಮತ್ತೆ ಮುಖ್ಯಮಂತ್ರಿಯಾಗಿದ್ದ ಚಂದ್ರಬಾಬು ನಾಯ್ಡು ಈ ಬಾರಿ ಕಲೆಕ್ಟರ್ ಕಚೇರಿಯಲ್ಲೇ ಬೀಡುಬಿಟ್ಟರು. ಈ ಸಲ ನೆಟ್‌ವರ್ಕ್ ಇತ್ತು. ವಾರ್ಡುಗಳಿಗೆ ಐಎಎಸ್ ಅಧಿಕಾರಿಗಳು, ಆಕಾಶದಲ್ಲಿ ಊಟದ ಪೊಟ್ಟಣ ಹೊತ್ತ ಡ್ರೋನುಗಳು, ಕೆಸರು ತೊಳೆಯಲು ಅಗ್ನಿಶಾಮಕ ವಾಹನಗಳು. ಪ್ರತಿಯೊಂದಕ್ಕೂ ಒಂದು ಪಟ್ಟಿ, ಪ್ರತಿಯೊಂದು ಪಟ್ಟಿಗೂ ಒಂದು ಪರದೆ.

ತಕರಾರು ಹುಟ್ಟಿದ್ದು ಮೂರನೆಯ ಕಂಬಸಾಲಿನಲ್ಲಿ. ಮುಖ್ಯ ರಸ್ತೆಯ ಬಾಯಿಗೆ ಊಟ ತಲುಪಿದರೆ ಪಟ್ಟಿಯ ಪ್ರಕಾರ ಕೆಲಸ ಮುಗಿಯಿತು. ಗಲ್ಲಿಯ ಒಳಗೆ ಎರಡನೇ ಮಹಡಿಯಲ್ಲಿ ಸಿಕ್ಕಿಕೊಂಡ ಮನೆಗೆ ಅದು ಶುರುವೇ ಆಗಿಲ್ಲ. ನೀರಿಳಿದ ಮೇಲೆ ಮುಳುಗಿದ 179 ಸಚಿವಾಲಯಗಳ ವ್ಯಾಪ್ತಿಯಲ್ಲಿ ನೆಲಮಹಡಿಯ ಮನೆಗೆ 25 ಸಾವಿರ, ಮೇಲಿನ ಮಹಡಿಗಳಿಗೆ 10 ಸಾವಿರ ರೂಪಾಯಿ ಎಂದು ಘೋಷಣೆಯಾಯಿತು. ಎಣಿಕೆಗೆ ಹೋದವರು ಮನೆಮನೆ ಸುತ್ತಿ ಮೊಬೈಲಿನಲ್ಲೇ ವಿವರ ತುಂಬಿದರು, ಹಣ ನೇರ ಖಾತೆಗೆ ಬಿತ್ತು. ಅದಾದ ಮೇಲೂ ಕಲೆಕ್ಟರ್ ಕಚೇರಿಯ ಮುಂದೆ ಹೆಸರು ಬಿಟ್ಟುಹೋದವರ ಸಾಲು ಬೆಳೆಯಿತು. ಎಣಿಕೆಯ ದಿನ ಬೀಗ ಹಾಕಿ ನೆಂಟರ ಮನೆಯಲ್ಲಿ ಇದ್ದವರ ಪಾಡು ಊಹಿಸಿಕೊಳ್ಳಿ. ಬಾಡಿಗೆಯವರು ತೊಳೆದ ಮನೆಯ ಹಣಕ್ಕೆ ಮಾಲೀಕರು ಕೈಚಾಚಿದರೆ ಆ ಜಗಳ ಯಾವ ಚೀಟಿಗೆ ಸೇರಬೇಕು? ಪಟ್ಟಿಗೆ ಹತ್ತದವರು ಯಾವ ಕಂಬಸಾಲಿನಲ್ಲೂ ಇರುವುದಿಲ್ಲ. ಅವರ ಕೆಲಸ ಬಾಕಿ ಇದೆ ಎಂದೂ ಪರದೆ ತೋರಿಸುವುದಿಲ್ಲ.

ಅದೇ ನೆರೆಯಲ್ಲಿ, ಅದೇ ಊರಿನಲ್ಲಿ, ಪರದೆಯ ಹಂಗಿಲ್ಲದೆ ಮುಗಿದ ಇನ್ನೊಂದು ಕೆಲಸ ನಡೆಯಿತು. ಅದರ ನಾಯಕರನ್ನು ನಾವು ಕನ್ನಡಿಗರು ಬಲ್ಲೆವು. ಆ ನೆರೆಗೂ ಮುಂಚೆ, ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋದಾಗ ಬಂದವರು ಗೇಟು ತಜ್ಞ ಕನ್ನಯ್ಯ ನಾಯ್ಡು. ಒಂದೇ ದೊಡ್ಡ ಗೇಟಿನ ಬದಲು ಅಗಲವಾದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಇಳಿಸುವ ಯೋಜನೆ. ಪಟ್ಟಿಗಳ ತಯಾರಿ ತೋರಣಗಲ್ಲಿನ ಜಿಂದಾಲ್ ಕಾರ್ಖಾನೆಗೂ ಹೊಸಪೇಟೆ ಸುತ್ತಲಿನ ಎಂಜಿನಿಯರಿಂಗ್ ಶೆಡ್ಡುಗಳಿಗೂ ಹಂಚಿಹೋಯಿತು. ಒಂದು ಶೆಡ್ಡಿನ ಅಳತೆ ತುಸು ತಪ್ಪಿದರೂ ಮೇಲಿನದು ಕೂರುವುದಿಲ್ಲ. ಹರಿವ ನೀರಿನಲ್ಲೇ 16ರಂದು ಮೊದಲನೆಯದು ಇಳಿಯಿತು, ಮರುದಿನಕ್ಕೆ ಕೆಲಸ ಮುಗಿಯಿತು. ಎರಡೇ ವಾರ ಕಳೆದು ಪ್ರಕಾಶಂ ಬ್ಯಾರೇಜಿಗೆ ಪ್ರವಾಹದಲ್ಲಿ ತೇಲಿಬಂದ ದೋಣಿಗಳು ಗುದ್ದಿ ಗೇಟುಗಳ ಕೌಂಟರ್‌ವೇಟ್ ಮುರಿದಾಗ ಅಲ್ಲಿಯೂ ಅವರೇ ನಿಂತರು. ಸಿಕ್ಕಿಕೊಂಡ ದೋಣಿಗಳನ್ನು ಬಿಡಿಸಲು ವಿಶಾಖಪಟ್ಟಣದಿಂದ ಮುಳುಗುಗಾರರು ಬಂದರು. ಒಂದು ಉಪಾಯ ಫಲಿಸದೆ ಇನ್ನೊಂದು, ಅದೂ ಫಲಿಸದೆ ಮತ್ತೊಂದು ಎಂದು ದಿನಗಟ್ಟಲೆ ಹೆಣಗಿದರು. ಇಲ್ಲಿ ‘ಆಯ್ತು’ ಎಂದು ಯಾರೂ ಬಟನ್ ಒತ್ತಬೇಕಿರಲಿಲ್ಲ. ನೀರು ನಿಂತಿತೋ ಇಲ್ಲವೋ ದಂಡೆಯ ಮೇಲೆ ನಿಂತ ಪೋರನಿಗೂ ಕಾಣುತ್ತಿತ್ತು.

ಗೇಟಿನ ಹಾಗೆ ಕಣ್ಣಿಗೆ ಕಾಣುವ ಕೆಲಸಗಳು ಕಚೇರಿಗಳಲ್ಲಿ ಅಪರೂಪ. ಅದಕ್ಕೇ ಅಲ್ಲಿ ಕಡತ, ಜ್ಞಾಪನ, ಈಗ ಆ್ಯಪು. ಆ್ಯಪಿಗಾದರೂ ಆಯುಷ್ಯ ಎಷ್ಟು? ಬರ್ಲಿನ್ನಿನ ವಂಡರ್‌ಲಿಸ್ಟ್ ಎಂಬ ಚಂದದ ಪಟ್ಟಿ ನನ್ನ ಫೋನಿನಲ್ಲಿತ್ತು. ಮನೆಯಲ್ಲಿ ಇಬ್ಬರೂ ಅದರಲ್ಲೇ ದಿನಸಿ ಬರೆಯುತ್ತಿದ್ದೆವು. 2015ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು, 2020ರಲ್ಲಿ ಮುಚ್ಚಿತು. ಈಗ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಹಾಳೆಯೇ ನಮ್ಮ ಫಲಕ.

ಆಂಧ್ರದಲ್ಲಿ ತಿಂಗಳ ಮೊದಲ ದಿನ ಪಿಂಚಣಿ ಮನೆಬಾಗಿಲಿಗೆ ಬರುತ್ತದೆ. 2020ರ ಫೆಬ್ರುವರಿಯಿಂದ ಸ್ವಯಂಸೇವಕರು ತರುತ್ತಿದ್ದರು, 2024ರ ಜುಲೈಯಿಂದ ಸಚಿವಾಲಯದ ನೌಕರರು ತರುತ್ತಿದ್ದಾರೆ. ವೃದ್ಧಾಪ್ಯ ಪಿಂಚಣಿ ಈಗ 4 ಸಾವಿರ ರೂಪಾಯಿ. ಇಲ್ಲಿ ಚೀಟಿಯನ್ನು ಮೂರನೆಯ ಸಾಲಿಗೆ ಸರಿಸುವ ಹಕ್ಕು ನೌಕರನೊಬ್ಬನ ಕೈಯಲ್ಲಿಲ್ಲ. ಪಡೆದವರು ಯಂತ್ರದ ಮೇಲೆ ಬೆರಳಿಟ್ಟರೆ ಮಾತ್ರ ‘ಅಯಿಪೋಯಿಂದಿ’. ಜನ್ಮವಿಡೀ ನಾಟಿ ಮಾಡಿ, ಪಾತ್ರೆ ತಿಕ್ಕಿ ಸವೆದ ಬೆರಳಿನ ಗೆರೆಗಳನ್ನು ಯಂತ್ರ ಒಂದೇ ಸಲಕ್ಕೆ ಗುರುತಿಸುವುದಿಲ್ಲ. ಜಗುಲಿಯ ಮೇಲೆ ಕೂತ ಅಜ್ಜಿ ಸೆರಗಿನಿಂದ ಹೆಬ್ಬೆರಳು ಒರೆಸಿಕೊಂಡು ಮತ್ತೆ ಒತ್ತುತ್ತಾಳೆ. ಬರದಿದ್ದರೆ ಇನ್ನೊಂದು ಬೆರಳು. ನೌಕರ ನೋಟು ಹಿಡಿದು ಕಾಯುತ್ತಾನೆ.