ಬಿಳಿ ಅಂಗಿಯ ಹುಡುಗರು: ಸಲ್ಮಾಬಾದಿನಲ್ಲಿ ಕೇಳಿದ್ದು, ನಿಜ ಇರುವುದು

ಬಹ್ರೇನಿನ ಸಲ್ಮಾಬಾದಿನ ಕ್ಯಾಂಪುಗಳಲ್ಲಿ, ಅಮೆರಿಕದ ಮಾರ್ಮನ್ ಸಭೆಯ ಮಿಷನರಿಗಳ ಮಾತು ಬಂದರೆ ಮೊದಲು ಏಳುವುದು ದುಡ್ಡಿನ ವಿಷಯ. ಡಾಲರ್ ಲೆಕ್ಕದಲ್ಲಿ ಸಂಬಳವಂತೆ, ಒಬ್ಬನನ್ನು ಮತಕ್ಕೆ ಸೇರಿಸಿದರೆ ಇಂತಿಷ್ಟು ಕಮಿಷನ್ ಅಂತೆ, ದೇಶ ಸುತ್ತಲು ಟಿಕೆಟ್ಟು ಪುಕ್ಕಟೆಯಂತೆ. ಬಿಳಿ ಅಂಗಿಗೆ ಟೈ ಕಟ್ಟಿ, ಎದೆಗೆ ಕಪ್ಪು ನಾಮಫಲಕ ಸಿಕ್ಕಿಸಿಕೊಂಡ ಇಬ್ಬರು ಹುಡುಗರ ವಿಡಿಯೊವೊಂದು ವಾಟ್ಸಾಪಿನಲ್ಲಿ ಬಂದರೆ ಸಾಕು. ಗ್ಯಾರೇಜಿನಿಂದ ಬಂದು ಗ್ರೀಸು ತೊಳೆದುಕೊಳ್ಳುತ್ತಿರುವ ಕುಂದಾಪುರದವರು ಒಂದು ಮಾತು ಸೇರಿಸುತ್ತಾರೆ, ಎಸಿ ರಿಪೇರಿ ಮುಗಿಸಿ ಬಂದ ಬೀದರಿನವರು ಇನ್ನೊಂದು. ನಾನು ಆ ಸಭೆಯವನಲ್ಲ, ಅವರ ದೈವಶಾಸ್ತ್ರ ನನಗೆ ಒಪ್ಪಿಗೆಯೂ ಆಗುವುದಿಲ್ಲ. ಆದರೂ ಹತ್ತೊಂಬತ್ತು ಇಪ್ಪತ್ತರ ಹುಡುಗನೊಬ್ಬ ಮನೆ ಬಿಟ್ಟು ಪರದೇಶದಲ್ಲಿ ಕಳೆಯುವ ದಿನಗಳ ಬಗ್ಗೆ ಇಲ್ಲದ್ದನ್ನು ಹರಡುವುದು ನನಗೆ ಸಹಿಸಲಾಗದು. ನಾವೂ ಮನೆ ಬಿಟ್ಟು ಬಂದವರೇ ಅಲ್ಲವೇ?

‘ಅವರಿಗೆ ಸಂಬಳ, ತಲೆಗಿಷ್ಟು ಕಮಿಷನ್’

ಸಂಬಳವಿಲ್ಲ, ಕಮಿಷನ್ನೂ ಇಲ್ಲ. ದುಡ್ಡು ಹರಿಯುವುದು ಎದುರು ದಿಕ್ಕಿಗೆ. ಅಮೆರಿಕದಿಂದ ಹೊರಡುವ ಮಿಷನರಿಯ ಮನೆಯವರು ತಿಂಗಳಿಗೆ 400 ಡಾಲರ್ ಕಟ್ಟಬೇಕಿತ್ತು. 2020ರ ಜುಲೈಯಿಂದ ಅದು 500 ಡಾಲರ್ ಆಗಿದೆ. ಮಗ ಜಪಾನಿಗೆ ಹೋದರೂ ಅಷ್ಟೇ, ಆಫ್ರಿಕಾದ ಹಳ್ಳಿಗೆ ಹೋದರೂ ಅಷ್ಟೇ, ಏಕೆಂದರೆ ದುಬಾರಿ ಊರಿನ ಹೊರೆ ಒಂದೇ ಮನೆಯ ಮೇಲೆ ಬೀಳದಂತೆ ಎಲ್ಲರ ಹಣ ಒಂದೇ ನಿಧಿಗೆ ಸೇರುತ್ತದೆ. ಎಷ್ಟೋ ಹುಡುಗರು ಶಾಲೆ ಓದುತ್ತಲೇ ಅಂಗಡಿಯಲ್ಲಿ ದುಡಿದು ಇದಕ್ಕೆಂದು ಕೂಡಿಡುತ್ತಾರೆ. ಬಡದೇಶಗಳ ಹುಡುಗರು ಕೈಲಾದಷ್ಟು ಕೊಡುತ್ತಾರೆ, ಉಳಿದದ್ದನ್ನು ಸಭೆಯ ನಿಧಿ ತುಂಬುತ್ತದೆ.

ಕಮಿಷನ್ ಕಥೆಗೆ ಹತ್ತಿರದ ನಿಜವೊಂದಿದೆ, ಅದನ್ನೂ ಹೇಳಲೇಬೇಕು. ದೀಕ್ಷಾಸ್ನಾನಗಳ ಸಂಖ್ಯೆಯ ಹಿಂದೆ ಈ ಸಭೆ ಓಡಿದ ಕಾಲವೊಂದಿತ್ತು. 1960ರ ಆಸುಪಾಸಿನಲ್ಲಿ ಬ್ರಿಟನ್ನಿನ ಹುಡುಗರನ್ನು ಬೇಸ್‌ಬಾಲ್ ಆಟಕ್ಕೆ ಕರೆದು, ಏನು ಎತ್ತ ಎಂದು ಸರಿಯಾಗಿ ತಿಳಿಯುವ ಮೊದಲೇ ಅವರಿಗೆ ದೀಕ್ಷೆ ಕೊಟ್ಟ ಪ್ರಕರಣಗಳು ನಡೆದವು. ಅವರಲ್ಲಿ ಬಹುಪಾಲು ಹುಡುಗರು ಸಭೆಯಲ್ಲಿ ಉಳಿಯಲಿಲ್ಲ, ಆ ಪದ್ಧತಿಯನ್ನು ಕೊನೆಗೆ ಸಭೆಯೇ ನಿಲ್ಲಿಸಿತು. ಇಂದಿಗೂ ಮಿಷನರಿಗಳಿಗೆ ವಾರದ ಗುರಿಗಳು ಇರುತ್ತವೆ. ಗುರಿ ಮುಟ್ಟದಿದ್ದಾಗ ತಮ್ಮನ್ನೇ ಹಳಿದುಕೊಳ್ಳುವ ಹುಡುಗರೂ ಇದ್ದಾರೆ. ಆದರೆ ಆ ಗುರಿಗೆ ಹಣದ ಗಂಟು ಹಾಕಿಲ್ಲ.

‘ಬೇಕಾದ ದೇಶ ಆರಿಸಿಕೊಂಡು ತಿರುಗಾಡುತ್ತಾರೆ’

ದೇಶ ಆರಿಸಿಕೊಳ್ಳುವ ಹಕ್ಕು ಅವರಿಗಿಲ್ಲ. ಅರ್ಜಿ ಹಾಕುವುದಷ್ಟೇ ಅವರ ಕೆಲಸ. ಎಲ್ಲಿಗೆ, ಯಾವ ಭಾಷೆಗೆ ಎಂಬುದು ಸಭೆಯ ಕೇಂದ್ರವಾದ ಸಾಲ್ಟ್ ಲೇಕ್ ಸಿಟಿಯಲ್ಲಿ ತೀರ್ಮಾನವಾಗಿ ಬರುತ್ತದೆ. ಗಂಡುಮಕ್ಕಳಿಗೆ ಎರಡು ವರ್ಷ, ಹೆಣ್ಣುಮಕ್ಕಳಿಗೆ ಹದಿನೆಂಟು ತಿಂಗಳು. ಹೊರಡುವ ಕನಿಷ್ಠ ವಯಸ್ಸನ್ನು 2012ರ ಅಕ್ಟೋಬರಿನಲ್ಲಿ ಹುಡುಗರಿಗೆ 19ರಿಂದ 18ಕ್ಕೆ, ಹುಡುಗಿಯರಿಗೆ 21ರಿಂದ 19ಕ್ಕೆ ಇಳಿಸಿದರು. ಹುಡುಗಿಯರ ಸಂಖ್ಯೆ ಒಮ್ಮೆಲೇ ಏರಿದ್ದು ಆಗಲೇ. ಈಗ ಲೋಕದಾದ್ಯಂತ 70 ಸಾವಿರಕ್ಕೂ ಹೆಚ್ಚು ಮಂದಿ ಹೀಗೆ ಸೇವೆಯಲ್ಲಿದ್ದಾರೆ.

ಅವರ ದಿನ ಹೇಗಿರುತ್ತದೆ ನೋಡಿ. ಬೆಳಿಗ್ಗೆ 6.30ಕ್ಕೆ ಏಳಬೇಕು. ಅರ್ಧ ಗಂಟೆ ವ್ಯಾಯಾಮ, ಸ್ನಾನ, ತಿಂಡಿ. ಆಮೇಲೆ ಧರ್ಮಗ್ರಂಥದ ಓದು, ಜೊತೆಗಾರನೊಂದಿಗೆ ಕೂತು ಇನ್ನೊಂದು ಸುತ್ತು ಓದು, ಹೊಸ ಭಾಷೆಯ ನಾಡಾದರೆ ಭಾಷಾಭ್ಯಾಸ. ಹತ್ತು ಗಂಟೆಯ ಹೊತ್ತಿಗೆ ಹೊರಗೆ. ರಾತ್ರಿ ಒಂಬತ್ತು, ಒಂಬತ್ತೂವರೆಗೆ ಕೋಣೆಗೆ ವಾಪಸ್ಸು, ಮರುದಿನದ ಯೋಜನೆ ಬರೆದಿಟ್ಟು 10.30ಕ್ಕೆ ದೀಪ ಆರಿಸಬೇಕು. 2017ರಲ್ಲಿ ಈ ವೇಳಾಪಟ್ಟಿ ಸ್ವಲ್ಪ ಸಡಿಲವಾಗಿ, ಆಯಾ ದೇಶದ ರೂಢಿಗೆ ತಕ್ಕಂತೆ ಹೊಂದಿಸಿಕೊಳ್ಳುವ ಅವಕಾಶ ಸಿಕ್ಕಿತು. ಹಾಗಿದ್ದರೂ ಕಟ್ಟುನಿಟ್ಟು ಕಟ್ಟುನಿಟ್ಟೇ. ಸಿನಿಮಾ ಇಲ್ಲ, ಪ್ರೇಮ ಪ್ರಸಂಗ ಇಲ್ಲ. ಕೈಯಲ್ಲಿ ಫೋನಿದೆ, ಆದರೆ ಅದರಲ್ಲಿ ಏನು ತೆರೆಯಬಹುದು ಎಂಬುದಕ್ಕೂ ಮಿತಿ.

ಎಲ್ಲಕ್ಕಿಂತ ಕಠಿಣವಾದದ್ದು ಜೊತೆಗಾರನ ನಿಯಮ ಎಂದು ನನಗೆ ಅನ್ನಿಸುತ್ತದೆ. ಇಬ್ಬರು ಸದಾ ಒಬ್ಬರಿಗೊಬ್ಬರು ಕಾಣುವ, ಕೇಳುವ ಅಳತೆಯಲ್ಲೇ ಇರಬೇಕು. ಸ್ನಾನ ಮತ್ತು ಶೌಚ ಬಿಟ್ಟರೆ ಏಕಾಂತ ಎಂಬುದೇ ಇಲ್ಲ. ಜೊತೆಗಾರನನ್ನು ಆರಿಸುವವರು ಬೇರೆಯವರು. ಸುಮಾರು ಆರು ವಾರಕ್ಕೊಮ್ಮೆ ಬರುವ ವರ್ಗಾವಣೆಯಲ್ಲಿ ಅವನೂ ಬದಲಾಗಬಹುದು, ಊರೂ ಬದಲಾಗಬಹುದು. ಗೊರಕೆಯವನು, ಮುಂಗೋಪಿ, ಅಡುಗೆ ಬಾರದವನು, ಯಾರು ಸಿಕ್ಕರೂ ಹೊಂದಿಕೊಳ್ಳಬೇಕು. ಒಂದು ಕೋಣೆಯಲ್ಲಿ ಅಟ್ಟದ ಮಂಚ ಹಂಚಿಕೊಂಡು ಬದುಕುವ ಸಲ್ಮಾಬಾದಿನ ಕಾರ್ಮಿಕನಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ವಾರಕ್ಕೊಂದು ‘ಪಿ-ಡೇ’ ಸಿಗುತ್ತದೆ, ಅಂದರೆ ಬಟ್ಟೆ ಒಗೆಯಲು, ಸಾಮಾನು ತರಲು, ಕೂದಲು ಕತ್ತರಿಸಿಕೊಳ್ಳಲು ಬಿಡುವಿನ ದಿನ. ಅದೂ ಸಂಜೆಯವರೆಗೆ ಮಾತ್ರ. ನಮ್ಮ ಶುಕ್ರವಾರವನ್ನು ನೆನೆಸಿಕೊಳ್ಳಿ: ಬಕೆಟ್ಟಿನಲ್ಲಿ ನೆನೆಹಾಕಿದ ಯೂನಿಫಾರ್ಮು, ಕ್ಷೌರದಂಗಡಿಯ ಸಾಲು, ಊರಿಗೆ ವಿಡಿಯೊ ಕಾಲ್.

ಊರಿನ ಕರೆಯ ಬಗ್ಗೆಯೂ ಒಂದು ಹಳೆಯ ಮಾತು ಇನ್ನೂ ಓಡಾಡುತ್ತಿದೆ: ಅವರನ್ನು ತಾಯಿಯೊಂದಿಗೆ ಮಾತಾಡಲೂ ಬಿಡುವುದಿಲ್ಲ ಎಂದು. ದಶಕಗಳ ಕಾಲ ಅದು ಹೆಚ್ಚುಕಡಿಮೆ ನಿಜವಾಗಿತ್ತು. ಕ್ರಿಸ್‌ಮಸ್ಸಿಗೊಂದು, ತಾಯಂದಿರ ದಿನಕ್ಕೊಂದು ಕರೆ, ಉಳಿದಂತೆ ಪತ್ರ ಅಥವಾ ಇಮೇಲು. 2019ರ ಫೆಬ್ರುವರಿಯಲ್ಲಿ ಆ ನಿಯಮ ಹೋಯಿತು. ಈಗ ವಾರಕ್ಕೊಮ್ಮೆ ಮನೆಯವರೊಂದಿಗೆ ಮಾತಾಡಬಹುದು, ಮುಖ ನೋಡಬಹುದು. ಇಷ್ಟು ತಡವಾಗಿ ಬಂತಲ್ಲ ಎಂಬುದೇ ನನ್ನ ಬೇಸರ.

‘ಬಹ್ರೇನಿನಲ್ಲೂ ಗುಟ್ಟಾಗಿ ಇದ್ದಾರೆ, ಮಿಷನ್ ಆಸ್ಪತ್ರೆ ಅವರದ್ದೇ’

ಇಲ್ಲಿ ಎರಡು ತಪ್ಪುಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಬಹ್ರೇನಿನಲ್ಲಿ ಮಾರ್ಮನ್ ಸದಸ್ಯರಿದ್ದಾರೆ. ಹೆಚ್ಚಿನವರು ನಮ್ಮಂತೆ ಕೆಲಸಕ್ಕೆಂದು ಬಂದ ಹೊರನಾಡಿನವರು. ಅವರು ಸೇರಿ ಪ್ರಾರ್ಥಿಸುತ್ತಾರೆ. ಆದರೆ ನಾಮಫಲಕ ಹಾಕಿಕೊಂಡು ಮತಪ್ರಚಾರ ಮಾಡುವ ಯುವ ಮಿಷನರಿಗಳನ್ನು ಸಭೆ ಇಲ್ಲಿಗೆ ಕಳಿಸುವುದಿಲ್ಲ. ಸಲ್ಮಾಬಾದಿನ ಗಲ್ಲಿಯಲ್ಲಿ ಅವರನ್ನು ಕಂಡೆ ಎನ್ನುವವರು ಬೇರೆ ಯಾರನ್ನೋ ಕಂಡಿರಬೇಕು. ಮಾರ್ಮನ್ನರ ಹದಿಮೂರು ವಿಶ್ವಾಸಸೂತ್ರಗಳಲ್ಲಿ ಹನ್ನೆರಡನೆಯದು ನೆಲದ ಕಾನೂನಿಗೂ ಆಳುವವರಿಗೂ ವಿಧೇಯರಾಗಿರಬೇಕು ಎನ್ನುತ್ತದೆ. ಜೆರುಸಲೇಮಿನಲ್ಲಿ 1980ರ ದಶಕದಲ್ಲಿ ತಮ್ಮ ವಿಶ್ವವಿದ್ಯಾಲಯದ ಕೇಂದ್ರ ಕಟ್ಟುವಾಗ, ಅಲ್ಲಿ ಮತಪ್ರಚಾರ ಮಾಡುವುದಿಲ್ಲ ಎಂದು ಬರೆದುಕೊಟ್ಟೇ ಬಾಗಿಲು ತೆರೆದರು. ಇಸ್ಲಾಂ ರಾಜಧರ್ಮವಾಗಿರುವ ಈ ದ್ವೀಪದಲ್ಲಿ ಮನಾಮಾದ ಹಳೆಯ ಶ್ರೀನಾಥಜಿ ಗುಡಿಯೂ ಇದೆ, 2021ರ ಡಿಸೆಂಬರಿನಲ್ಲಿ ತೆರೆದ ಅವಾಲಿಯ ದೊಡ್ಡ ಕಥೋಲಿಕ ಪ್ರಧಾನಾಲಯವೂ ಇದೆ. ಅವರವರ ಪೂಜೆಗೆ ಇರುವ ಈ ಅವಕಾಶವನ್ನು ಕೆಡಿಸಿಕೊಳ್ಳಲು ಯಾರಿಗೂ ಮನಸ್ಸಿಲ್ಲ.

ಇನ್ನು ಆಸ್ಪತ್ರೆ. ಸಲ್ಮಾಬಾದಿನ ಪಕ್ಕದ ಆಲಿಯಲ್ಲಿ ದೊಡ್ಡದಾಗಿ ಎದ್ದಿರುವ ಅಮೆರಿಕನ್ ಮಿಷನ್ ಆಸ್ಪತ್ರೆಯನ್ನು ಕಂಡು ‘ಇದೇ ಮಾರ್ಮನ್ನರದು’ ಎನ್ನುವವರನ್ನು ನಾನೇ ಕೇಳಿದ್ದೇನೆ. ಅದರ ಬೇರು ಬೇರೆಯೇ ಸಭೆಯಲ್ಲಿದೆ: ಅಮೆರಿಕದ ರಿಫಾರ್ಮ್ಡ್ ಚರ್ಚ್. 1892ರ ಡಿಸೆಂಬರಿನಲ್ಲಿ, ಸ್ಯಾಮ್ಯುಯೆಲ್ ಜ್ವೆಮರ್ ಎಂಬ ಇಪ್ಪತ್ತೈದರ ಯುವಕ ಮಿಷಿಗನ್ನಿನಿಂದ ಹೊರಟವನು ಬಹ್ರೇನಿಗೆ ಬಂದಿಳಿದ. ಬಜಾರಿನಲ್ಲಿ ಬೈಬಲ್ ಮಾರುವುದು ಅವನ ಕಸುಬಾಗಿತ್ತು, ಎದುರಾದದ್ದು ಹೆಚ್ಚಾಗಿ ಅನುಮಾನ. ಅವನ ಹೆಂಡತಿ, ದಾದಿಯಾಗಿದ್ದ ಏಮಿ, 1899ರಲ್ಲಿ ಶುರುಮಾಡಿದ ಪಾಠವೇ ಇಂದಿನ ಅಲ್ ರಜಾ ಶಾಲೆಯ ಮೂಲ. 1903ರಲ್ಲಿ ಮೇಸನ್ ಸ್ಮಾರಕ ಆಸ್ಪತ್ರೆ ತೆರೆಯಿತು. ಮರುವರ್ಷದ ಜುಲೈಯಲ್ಲಿ ಆ ದಂಪತಿಯ ಇಬ್ಬರು ಪುಟ್ಟ ಹೆಣ್ಣುಮಕ್ಕಳು ಎಂಟೇ ದಿನಗಳ ಅಂತರದಲ್ಲಿ ರೋಗಕ್ಕೆ ತೀರಿಕೊಂಡರು. ಇಲ್ಲೇ ಮಣ್ಣು ಮಾಡಿದರು. ಮತಾಂತರಗೊಂಡವರ ಲೆಕ್ಕ ಕೈಬೆರಳುಗಳನ್ನು ದಾಟುವುದು ಕಷ್ಟ. ಆಸ್ಪತ್ರೆಯ ಲೆಕ್ಕವೇ ಬೇರೆ: ಮುತ್ತು ತೆಗೆಯುವ ಮುಳುಗುಗಾರರ ಕಾಲದಿಂದ ನಮ್ಮ ವೆಲ್ಡರುಗಳ ಕಾಲದವರೆಗೆ ತಲೆಮಾರುಗಳು ಅಲ್ಲಿ ಔಷಧಿ ಪಡೆದಿವೆ. ಮಿಷನ್ ಎಂಬ ಹೆಸರು ಕಂಡಲ್ಲೆಲ್ಲ ಒಂದೇ ಸಭೆ ಎಂದುಕೊಳ್ಳುವುದು ಈ ಎರಡೂ ಕಡೆಯವರಿಗೆ ಅನ್ಯಾಯ.

‘ಒಬ್ಬೊಬ್ಬನಿಗೂ ನಾಲ್ಕಾರು ಹೆಂಡಿರು’

1890ರಲ್ಲೇ ಸಭೆ ಬಹುಪತ್ನಿತ್ವವನ್ನು ಅಧಿಕೃತವಾಗಿ ಕೈಬಿಟ್ಟಿತು. ಇಂದು ಎರಡನೇ ಹೆಂಡತಿಯನ್ನು ಮಾಡಿಕೊಂಡವನನ್ನು ಸಭೆಯಿಂದ ಹೊರಹಾಕುತ್ತಾರೆ. ಟಿವಿಯಲ್ಲಿ ಕಾಣುವ ದೊಡ್ಡ ಕುಟುಂಬಗಳು ಒಡೆದುಹೋದ ಸಣ್ಣ ಪಂಗಡಗಳವು. ಆದರೆ ಈ ಮಾತು ಭಾರತಕ್ಕೆ ಬಂದ ಬಗೆ ಸ್ವಾರಸ್ಯವಾಗಿದೆ. 1852ರ ಆಗಸ್ಟಿನಲ್ಲಿ ಸಾಲ್ಟ್ ಲೇಕಿನಲ್ಲಿ ನಡೆದ ಒಂದೇ ಸಮ್ಮೇಳನದಲ್ಲಿ ಎರಡು ಕೆಲಸಗಳಾದವು: ನೂರರಷ್ಟು ಮಿಷನರಿಗಳನ್ನು ದೂರದ ನಾಡುಗಳಿಗೆ ನೇಮಿಸಿದರು, ಮತ್ತು ಬಹುಪತ್ನಿತ್ವವನ್ನು ಮೊದಲ ಸಲ ಬಹಿರಂಗವಾಗಿ ಸಾರಿದರು. ಭಾರತಕ್ಕೆ ನೇಮಕವಾದವರು 1853ರಲ್ಲಿ ಕಲ್ಕತ್ತೆ ಮುಟ್ಟಿದರು. ಮದರಾಸಿಗೆ ಹೋದ ರಿಚರ್ಡ್ ಬ್ಯಾಲಂಟೈನ್ ಪತ್ರಿಕೆ ಹೊರಡಿಸಿಯೂ ನೋಡಿದರು. ಎಲ್ಲಿ ಹೋದರೂ ಹೆಂಡಿರ ಸುದ್ದಿ ಅವರ ಬೆನ್ನಿಗಿತ್ತು. ಕಂಟೋನ್ಮೆಂಟಿನ ಬ್ರಿಟಿಷರೇ ಬಾಗಿಲು ಹಾಕಿಕೊಂಡರು. ಕೆಲವೇ ವರ್ಷಗಳಲ್ಲಿ ಎಲ್ಲರೂ ಹಿಂದಿರುಗಿದರು.

‘ರಕ್ತ ತೆಗೆದುಕೊಳ್ಳುವುದಿಲ್ಲ, ಜನಗಣಮನ ಹಾಡುವುದಿಲ್ಲ’

ಅದು ಯೆಹೋವನ ಸಾಕ್ಷಿಗಳ ಸಂಗತಿ. ಕನ್ನಡದಲ್ಲಿ ‘ಕಾವಲಿನಬುರುಜು’ ಪತ್ರಿಕೆ ಹಂಚುವವರು ಅವರು. ರಾಷ್ಟ್ರಗೀತೆಯ ವಿಷಯದಲ್ಲಿ 1986ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿ ಗೆದ್ದ ಕೇರಳದ ಮಕ್ಕಳೂ ಆ ಪಂಥದವರು. ಮಾರ್ಮನ್ನರು ರಕ್ತ ಕೊಡುತ್ತಾರೆ, ಪಡೆಯುತ್ತಾರೆ, ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಾರೆ.

‘ಎಲ್ಲರೂ ಅಮೆರಿಕದವರು’

ಬೆಂಗಳೂರಿಗೆ ರಜೆಗೆ ಹೋದಾಗ ಒಂದು ದರ್ಶಿನಿಯಲ್ಲಿ ಇಂಥ ಇಬ್ಬರ ಜೊತೆ ಒಂದೇ ಮೇಜಿಗೆ ನಿಂತು ಇಡ್ಲಿ ತಿಂದಿದ್ದೇನೆ. ಇಬ್ಬರೂ ಭಾರತೀಯರೇ; ಒಬ್ಬ ಆಂಧ್ರದ ಕರಾವಳಿಯವನು, ಇನ್ನೊಬ್ಬ ತಮಿಳುನಾಡಿನವನು. ಕಾಫಿ ಬೇಡವೆಂದು ಬಾದಾಮಿ ಹಾಲು ತೆಗೆದುಕೊಂಡರು. ಕಾಫಿ, ಚಹಾ, ಹೊಗೆಸೊಪ್ಪು, ಮದ್ಯ ಎಲ್ಲವೂ ಅವರಿಗೆ ನಿಷಿದ್ಧ, 1833ರಿಂದ ಬಂದ ಕಟ್ಟಳೆ. ಅಂಗಿಯ ಕಾಲರು ಬೆವರಿಗೆ ಹಳದಿಯಾಗಿತ್ತು, ಬೂಟಿನ ಹಿಮ್ಮಡಿ ಒಂದು ಬದಿಗೆ ಸವೆದಿತ್ತು. ಆಂಧ್ರದ ಹುಡುಗ ಕನ್ನಡ ಕಲಿಯುತ್ತಿದ್ದ. ‘ಊಟ ಆಯ್ತಾ’ ಎಂದು ಕೇಳಿದ, ಬೆಳಗಿನ ಎಂಟೂವರೆಗೆ. ಮತದ ಮಾತು ಅವರಾಗಿ ಎತ್ತಲಿಲ್ಲ. ನಾನು ಕೇಳಿದ್ದಕ್ಕೆ ಹೇಳಿದರು, ಅಷ್ಟೇ.

ಅವರ ಬೆಂಗಳೂರು ಮಿಷನ್ 1993ರಲ್ಲಿ ಆರಂಭವಾಯಿತು, ಅದರ ಮೊದಲ ಅಧ್ಯಕ್ಷ ಗುರುಚರಣ್ ಸಿಂಗ್ ಗಿಲ್ ಎಂಬ ಪಂಜಾಬಿ ಮೂಲದ ಗಣಿತದ ಪ್ರಾಧ್ಯಾಪಕ. ಭಾರತದ ಮೊದಲ ಮಾರ್ಮನ್ ದೇವಾಲಯವನ್ನು ಬೆಂಗಳೂರಿಗೆ 2018ರಲ್ಲಿ ಘೋಷಿಸಿ, 2020ರ ಡಿಸೆಂಬರಿನಲ್ಲಿ ಭೂಮಿಪೂಜೆ ಮಾಡಿದರು. ಇಷ್ಟೆಲ್ಲ ಇದ್ದರೂ ದೇಶದಲ್ಲಿ ಅವರದು ತೀರಾ ಸಣ್ಣ ಸಮುದಾಯ. ಅಪ್ರಾಪ್ತರಿಗೆ ತಂದೆತಾಯಿಯ ಒಪ್ಪಿಗೆಯಿಲ್ಲದೆ, ಮದುವೆಯಾದವರಿಗೆ ಗಂಡ ಅಥವಾ ಹೆಂಡತಿಯ ಒಪ್ಪಿಗೆಯಿಲ್ಲದೆ ದೀಕ್ಷೆ ಕೊಡಬಾರದು ಎಂಬುದು ಸಭೆಯದೇ ನಿಯಮ. ಎಲ್ಲಾದರೂ ಇದು ತಪ್ಪಿದ್ದು ಕಂಡರೆ ಆ ನಿಯಮವನ್ನೇ ಹಿಡಿದು ಧೈರ್ಯವಾಗಿ ಕೇಳಬಹುದು.

ಅಮೆರಿಕದಲ್ಲಿ ಅವರ ಸಭೆಯ ವಿಶ್ವವಿದ್ಯಾಲಯಗಳು ಮಿಷನ್ನಿಗೆ ಹೋದವರ ಸೀಟು ಕಾಯ್ದಿಡುತ್ತವೆ. ನಮ್ಮಲ್ಲಿ ಆ ಅನುಕೂಲವಿಲ್ಲ. ಎರಡು ವರ್ಷ ಕಳೆದು ಊರಿಗೆ ಮರಳಿದ ಹುಡುಗನ ಜೊತೆಯವರು ಅಷ್ಟರಲ್ಲಿ ಪದವಿ ಮುಗಿಸುತ್ತ ಬಂದಿರುತ್ತಾರೆ. ಅವನು ಮತ್ತೆ ಮೊದಲ ವರ್ಷದ ಬೆಂಚಿನಲ್ಲಿ ತನಗಿಂತ ಚಿಕ್ಕವರ ಜೊತೆ ಕೂರುತ್ತಾನೆ, ಇಲ್ಲವೇ ಕೆಲಸ ಹುಡುಕುತ್ತಾನೆ. ಸಂದರ್ಶನದಲ್ಲಿ ಈ ಎರಡು ವರ್ಷ ಎಲ್ಲಿದ್ದೆ ಎಂದು ಕೇಳಿದಾಗ ಹೇಳುವುದೋ ಬಿಡುವುದೋ ಎಂಬ ಲೆಕ್ಕಾಚಾರ ಅವನ ಮುಂದಿರುತ್ತದೆ.